ನಾನು ಕೀಸಿ ತೆಗೆದ ನಂಬರು

ಯಲ್ಲಾಪುರದಲ್ಲಿ ನಾವು ಮರಗೆಲಸ ಮಾಡುವ ಬಡಗಿ ಶಾಲೆಯ ಅಟ್ಟದ ಮೇಲೆ ವಿಮಾನದ ಒಂದು ಪಂಕ ಇತ್ತು. ಈಗಲೂ ಇದೆ. ವಿಮಾನ ಎಂದೊಡನೆ ಈಗಿನವರು ಹುಬ್ಬಳ್ಳಿಯಿಂದ ಹಾರುವ ಬಿಳಿಯ ದೊಡ್ಡ ವಿಮಾನವನ್ನು ನೆನೆಸಿಕೊಳ್ಳುತ್ತಾರೆ. ಇದು ಅಂಥದ್ದರ ಪೈಕಿ ಅಲ್ಲ. ಬ್ರಿಟಿಷರ ಕಾಲದ, ಒಂದರ ಮೇಲೊಂದು ಎರಡು ರೆಕ್ಕೆ ಇದ್ದು, ಮೂತಿಯಲ್ಲಿ ಮರದ ಪಂಕ ತಿರುಗುತ್ತಿದ್ದ ವಿಮಾನ. ಪಂಕದ ಒಂದು ಅಲಗು ಇಡಿಯಾಗಿದೆ, ನನ್ನ ಎತ್ತರಕ್ಕೆ ಸ್ವಲ್ಪ ಕಡಿಮೆ. ಇನ್ನೊಂದು ಮೊಳದುದ್ದಕ್ಕೆ ಮುರಿದಿದೆ. ಗಾಡಿಯ ಚಕ್ರಕ್ಕೆ ಇರುವ ಹಾಗೆ ನಡುವೆ ಒಂದು ಗುಂಬ, ಅದರ ಸುತ್ತ ಎಂಟು ಬೋಲ್ಟಿನ ತೂತು. ಆ ಗುಂಬದ ಪಕ್ಕದಲ್ಲಿ ಒಂದು ಅಂಗೈ ಅಗಲದ ಜಾಗ ನುಣುಪಾಗಿದೆ, ಕನ್ನಡಿ ಇಟ್ಟ ಹಾಗೆ. ಹಾಗೆ ನುಣುಪು ಮಾಡಿದವನು ನಾನು. ಐವತ್ತು ವರ್ಷ ಮರ ಕೀಸಿದ್ದೇನೆ, ಅಷ್ಟು ಚೊಕ್ಕವಾಗಿ ಇನ್ನೆಲ್ಲೂ ಕೀಸಿದ ನೆನಪಿಲ್ಲ.

ಪಂಕವನ್ನು ಮನೆಗೆ ತಂದವನು ಅಜ್ಜ. ಎರಡನೇ ಮಹಾಯುದ್ಧ ಶುರುವಾದ ಕಾಲವಂತೆ. ಮಳೆಗಾಲದ ನಟ್ಟನಡುವೆ ಒಂದು ಮಧ್ಯಾಹ್ನ ಮೋಡದ ಒಳಗೆ ಗುರ್ ಗುರ್ ಸದ್ದು ಬಂದು, ನಿಂತು, ಮತ್ತೆ ಬಂದು, ಪೂರ್ತಿ ನಿಂತು ಹೋಯಿತಂತೆ. ಪೇಟೆಯವರೆಲ್ಲ ಅಂಗಳಕ್ಕೆ ಬಂದು ಮೇಲೆ ನೋಡಿದರೆ ಮೋಡ ಬಿಟ್ಟು ಬೇರೇನೂ ಕಾಣಲಿಲ್ಲ. ಮೂರು ದಿನದ ಮೇಲೆ ದನ ಹುಡುಕಲು ಹೋದವರು ಅರಬೈಲು ಘಟ್ಟದ ಕಡೆಯ ಕಾಡಿನಲ್ಲಿ, ಒಂದು ಹಳ್ಳದ ದಂಡೆಯ ಮೇಲೆ ಅದನ್ನು ಕಂಡರು. ದಂಡಿನವರು ಬಂದರು. ಬಂದವರೇ ಊರಿನ ಬಡಗಿ ಯಾರೆಂದು ಕೇಳಿ ಅಜ್ಜನನ್ನು ಕರೆಸಿದರು. ವಿಮಾನ ಹಾರಿಸಿದವನಿಗೆ ಆಳಳತೆಯ ಒಂದು ಪೆಟ್ಟಿಗೆ ಬೇಕಾಗಿತ್ತು.

ಅಜ್ಜ ರಾತ್ರಿ ಹಗಲು ಕೂತು ಮತ್ತಿ ಹಲಗೆಯಲ್ಲಿ ಪೆಟ್ಟಿಗೆ ಮಾಡಿ, ನಾಲ್ಕು ಜನರ ತಲೆಯ ಮೇಲೆ ಹೊರಿಸಿಕೊಂಡು ಕಾಡಿಗೆ ಹೋದ. ಅಲ್ಲಿ ನೋಡಿದರೆ ವಿಮಾನದ ನಡು ಭಾಗ ಸುಟ್ಟು ಕರಕಲಾಗಿತ್ತು. ಮೂತಿ ಮಾತ್ರ ಮುರಿದು ಹಳ್ಳಕ್ಕೆ ಬಿದ್ದು, ಯಂತ್ರ ಕೆಸರಿನಲ್ಲಿ ಹೂತು, ಈ ಪಂಕ ಮೇಲೆ ಎದ್ದು ನಿಂತಿತ್ತಂತೆ. ಆ ಪೆಟ್ಟಿಗೆಯ ವಿಷಯ ಅಜ್ಜ ಹೆಚ್ಚು ಹೇಳುತ್ತಿರಲಿಲ್ಲ. ಒಂದೇ ಮಾತು ಹೇಳುತ್ತಿದ್ದ.

"ದೊಡ್ಡದಾಯ್ತು ಮಾರಾಯ. ಅಷ್ಟು ದೊಡ್ಡದು ಬೇಕಾಗಿರ್ಲಿಲ್ಲ."

ಉಳಿದದ್ದನ್ನೆಲ್ಲ ಎಷ್ಟು ಸಲ ಕೇಳಿದರೂ ಹೇಳುತ್ತಿದ್ದ. ರೆಕ್ಕೆಯೆಂದರೆ ಮರದ ಪಕ್ಕೆಲುಬು, ಮೇಲೆ ಹೊಲಿದ ಬಟ್ಟೆ, ಬಟ್ಟೆಗೆ ಬಳಿದ ಎಂಥದೋ ಅಂಟು, ನಡುವೆ ಬಿಗಿದ ತಂತಿ. ಅದನ್ನು ಕಂಡು ಅಜ್ಜನಿಗೆ ದುಃಖಕ್ಕಿಂತ ಮೊದಲು ಆಶ್ಚರ್ಯವಾಯಿತಂತೆ. "ನಮ್ಮಂಥವ್ರೇ ಮಾಡಿದ್ದು ಅದು. ಉಳಿ ಹಿಡ್ದವ್ರೇ ಮಾಡಿದ್ದು" ಎನ್ನುತ್ತಿದ್ದ. ಹೊರಡುವ ಹೊತ್ತಿಗೆ ದಂಡಿನ ಸಾಹೇಬ ಮಜೂರಿಯ ಮಾತೆತ್ತಿದಾಗ ಅಜ್ಜ ಪಂಕದ ಕಡೆ ಕೈ ತೋರಿಸಿದ. ಮುರಿದ ಮರ ಅವರಿಗೆ ಯಾಕೆ? ಒಯ್ಯಿ ಎಂದರು. ಪೆಟ್ಟಿಗೆ ಘಟ್ಟದ ಮೇಲೆ ದಂಡು ಇದ್ದ ಯಾವುದೋ ಊರಿಗೆ ಹೋಯಿತು. ಪಂಕ ನಮ್ಮ ಅಟ್ಟಕ್ಕೆ ಬಂತು.

ಗುಂಬದ ಪಕ್ಕದಲ್ಲಿ ಕೊರೆದ ಅಕ್ಷರಗಳಿದ್ದವು. ಕೊರೆದದ್ದಲ್ಲ, ಅಚ್ಚಿಟ್ಟು ಹೊಡೆದದ್ದು. ಅಜ್ಜನಿಗೆ ಕನ್ನಡ ಓದಲೇ ಬಾರದು, ಇಂಗ್ಲಿಷ್ ಎಲ್ಲಿಂದ ಬರಬೇಕು? ಆದರೂ ಪಂಕ ಇಳಿಸಿ ಧೂಳು ಒರೆಸುವಾಗೆಲ್ಲ ಆ ಜಾಗ ತೋರಿಸಿ ಹೇಳುತ್ತಿದ್ದ: "ಇದ್ರಲ್ಲಿ ಆ ಸತ್ತ ಸಾಹೇಬನ ಹೆಸ್ರು ಅದೆ. ಇದನ್ನ ಮುಟ್ಬೇಡಿ." ಅವನು ತೀರಿಕೊಂಡ ಮೇಲೆ ಅಪ್ಪನೂ ಅದನ್ನೇ ಹೇಳುತ್ತಿದ್ದ. ನಾನು ನಗುತ್ತಿದ್ದೆ. ನಮ್ಮ ಮನೆಯಲ್ಲಿ ಹತ್ತನೇ ಇಯತ್ತೆ ಪಾಸಾದ ಮೊದಲ ಗಂಡಸು ನಾನು. ಆ ಅಕ್ಷರಗಳನ್ನು ಓದಬಲ್ಲವನು ನಾನೊಬ್ಬನೇ. ಅಲ್ಲಿ ಯಾವ ಹೆಸರೂ ಇರಲಿಲ್ಲ. ನಾಲ್ಕೈದು ಇಂಗ್ಲಿಷ್ ಅಕ್ಷರ, ಒಂದಷ್ಟು ಅಂಕಿ, ತುದಿಯಲ್ಲಿ ಕಾಗೆಯ ಹೆಜ್ಜೆಯಂಥ ಒಂದು ಬಾಣದ ಗುರುತು. ಅಷ್ಟೇ.

ಆ ಬಾಣವೇ ನನ್ನ ತಲೆ ಕೆಡಿಸಿದ್ದು. ನಮ್ಮ ಕಾಡಿನ ಹಳೆಯ ಗಡಿಕಲ್ಲುಗಳ ಮೇಲೆ ಅಂಥದೇ ಬಾಣ ಇರುತ್ತಿತ್ತು. ಅದು ಸರ್ಕಾರದ ಗುರುತು ಎಂಬುದು ದನ ಕಾಯುವವರಿಗೂ ಗೊತ್ತು.

ಇಲ್ಲಿ ಬಡಗಿಗಳ ಒಂದು ಪಾಠ ಹೇಳಬೇಕು. ಕಾಡಿನಲ್ಲಿ ಕಡಿದ ಮರಕ್ಕೆಲ್ಲ ಅರಣ್ಯದವರು ಸುತ್ತಿಗೆಯಿಂದ ಒಂದು ಮುದ್ರೆ ಹೊಡೆಯುತ್ತಾರೆ. ಅದನ್ನು ಕೊಂಡವನಿಗೆ ಪಾಸು ಕೊಡುತ್ತಾರೆ. ಮುದ್ರೆಯೂ ಪಾಸೂ ಎರಡೂ ಇದ್ದರೆ ಮರ ನಿನ್ನದು. ಮುದ್ರೆ ಇದ್ದು ಪಾಸು ಇಲ್ಲದಿದ್ದರೆ ಸರ್ಕಾರದ ಮರದ ಡಿಪೋದಿಂದ ಕದ್ದದ್ದು. ಮುದ್ರೆಯೂ ಇಲ್ಲ, ಪಾಸೂ ಇಲ್ಲ ಎಂದರೆ? ಹಳೇ ಮನೆ ಕೆಡವಿದಾಗ ಬಂದ ಮರ ಸ್ವಾಮಿ ಎಂದು ಕೈ ಮುಗಿದರಾಯಿತು. ಹೀಗಾಗಿ ಪಾಸು ಇಲ್ಲದ ತುಂಡು ಶಾಲೆಗೆ ಬಂದರೆ ಬಡಗಿ ಮೊದಲು ಮಾಡುವ ಕೆಲಸ ಮುದ್ರೆ ಇದ್ದ ಕಡೆ ಕೀಸುಳಿ ಹಿಡಿಯುವುದು. ನಮ್ಮಲ್ಲಿ ಇದನ್ನು ಯಾರೂ ಬಾಯಿಬಿಟ್ಟು ಕಲಿಸುವುದಿಲ್ಲ. ಕೈ ತಾನಾಗಿ ಕಲಿಯುತ್ತದೆ.

ನನಗಾಗ ಇಪ್ಪತ್ತಮೂರೋ ಇಪ್ಪತ್ನಾಲ್ಕೋ ವಯಸ್ಸು. ಒಂದು ಬೆಳಿಗ್ಗೆ, ಅರಣ್ಯದವರು ಪೇಟೆಯ ಬಡಗಿ ಶಾಲೆಗಳನ್ನೆಲ್ಲ ತಪಾಸಣೆ ಮಾಡುತ್ತಿದ್ದಾರೆಂದು ಸುದ್ದಿ ಬಂತು. ನಮ್ಮಲ್ಲಿ ಲೆಕ್ಕಕ್ಕೆ ಸಿಗದ ಎರಡು ಸಾಗವಾನಿ ಹಲಗೆ ಇದ್ದವು, ಸುಳ್ಳು ಹೇಳುವುದಿಲ್ಲ. ಅವನ್ನು ಬಚ್ಚಲಿನ ಕಟ್ಟಿಗೆಯ ಅಡಿಗೆ ತಳ್ಳಿದೆ. ಅಪ್ಪ ಮಂಚಿಕೇರಿಯಲ್ಲಿ ಬಾಗಿಲು ಕೂರಿಸಲು ಹೋಗಿದ್ದ. ಮತ್ತೆ ಶಾಲೆಯೊಳಗೆ ಬಂದು ಮೇಲೆ ನೋಡುತ್ತೇನೆ, ಪಂಕ. ಸರ್ಕಾರದ ಬಾಣ, ನಂಬರು, ಎಲ್ಲ ಒಪ್ಪವಾಗಿ ಕಾಣುತ್ತಿದೆ. ಪಾಸು ಕೇಳಿದರೆ ಏನು ತೋರಿಸಲಿ? ಅಜ್ಜ ಡಿಪೋದಿಂದ ಎತ್ತಿಕೊಂಡು ಬಂದು ನಮಗೆಲ್ಲ ಸಾಹೇಬನ ಕತೆ ಕಟ್ಟಿರಬೇಕು ಎಂದು ಆ ಗಳಿಗೆಯಲ್ಲಿ ನನಗೆ ಖಂಡಿತ ಅನ್ನಿಸಿತು. ಓದಿದವನ ಬುದ್ಧಿ ನೋಡಿ.

ಇಳಿಸಿ ಕೆಲಸದ ಮಣೆಗೆ ಬಿಗಿದೆ. ಗುಂಬದ ಪಕ್ಕ ಸ್ವಲ್ಪ ಬಾಗಿದೆ, ದೊಡ್ಡ ಕೀಸುಳಿ ಕೂರುವುದಿಲ್ಲ. ಚಿಕ್ಕದನ್ನು ಮಸೆದುಕೊಂಡು ಶುರು ಮಾಡಿದೆ. ನಮ್ಮ ಕಡೆಯ ಮರವಲ್ಲ ಅದು. ಕೆಂಪು ಮಿಶ್ರಿತ ಕಂದು, ತೆಳ್ಳನೆಯ ಪದರಗಳನ್ನು ಒಂದರ ಮೇಲೊಂದು ಅಂಟಿಸಿ ಕಡೆದದ್ದು. ಹೆರಕಲು ರೇಷ್ಮೆಯ ಹಾಗೆ ಸುರುಳಿ ಸುತ್ತಿ ಬೀಳುತ್ತಿತ್ತು. ಮೊದಲ ಸಲಕ್ಕೆ ಬಾಣ ಹೋಯಿತು. ಎರಡು ಮೂರು ಸಲಕ್ಕೆ ಅಕ್ಷರ ಹೋದವು. ಅಂಕಿ ಆಳವಾಗಿದ್ದವು, ಹಟಕ್ಕೆ ಬಿದ್ದು ತೆಗೆದೆ. ಆಮೇಲೆ ಮರಳು ಕಾಗದ, ಆಮೇಲೆ ಅರಗಿನ ಪಾಲಿಶು. ಅರ್ಧ ಗಂಟೆಯ ಕೆಲಸ. ಮುಗಿಸಿ ಮತ್ತೆ ಅಟ್ಟಕ್ಕೆ ಏರಿಸಿದೆ.

ಗಾರ್ಡು ಬಂದದ್ದು ಮಧ್ಯಾಹ್ನದ ಮೇಲೆ. ಹಾವೇರಿ ಕಡೆಯವನು. ಶಾಲೆಯ ನಡುವೆ ನಿಂತು ಕತ್ತೆತ್ತಿ ನೋಡಿದ.

"ಅಟ್ಟದ ಮ್ಯಾಲೆ ಏನೈತ್ರೀ ಅದು, ಆಚಾರ್ರ?"

"ಹಳೇ ವಿಮಾನದ ಪಂಕ."

"ಹಾರೂದ ಕಲ್ತ್ರೇನ್ ಮತ್ತ?" ಎಂದು ನಕ್ಕ. ಮುಟ್ಟಲೂ ಇಲ್ಲ, ಇಳಿಸು ಎನ್ನಲೂ ಇಲ್ಲ. ನೀರು ಕುಡಿದು ಹೋದ.

ಸಂಜೆ ಅಪ್ಪ ಬಂದ. ಬಂದವನಿಗೆ ಪಾಲಿಶಿನ ವಾಸನೆ ಹೊಡೆದಿರಬೇಕು. ಅಟ್ಟ ಹತ್ತಿ ಪಂಕದ ಹತ್ತಿರ ಹೋಗಿ ಆ ಜಾಗದ ಮೇಲೆ ಹೆಬ್ಬೆರಳು ಆಡಿಸಿದ. ನಾನು ಜಂಬದಿಂದ ನಡೆದದ್ದನ್ನೆಲ್ಲ ಹೇಳಿದೆ. ಅಪ್ಪ ಬೈಯುವವನಲ್ಲ. "ಅಪ್ಪಯ್ಯ ಮುಟ್ಬೇಡ ಅಂದಿದ್ದ" ಎಂದಷ್ಟೇ ಅಂದು ಕೈಕಾಲು ತೊಳೆಯಲು ಹೋದ. ನನಗೆ ರೇಗಿತು. ಮನೆ ಉಳಿಸಿದವನಿಗೆ ಒಂದು ಒಳ್ಳೆಯ ಮಾತಿಲ್ಲವೇ ಎಂದು ಎರಡು ದಿನ ಮುಖ ಊದಿಸಿಕೊಂಡು ಕೂತಿದ್ದೆ.

ಇಷ್ಟೆಲ್ಲ ಆಗಿ ನಾನೇ ಅಜ್ಜನಾದೆ. ಈಗ ಜನ ತಯಾರಾದ ಬಾಗಿಲನ್ನು ಲಾರಿಯಲ್ಲಿ ತರಿಸುತ್ತಾರೆ. ಶಾಲೆಯಲ್ಲಿ ಕೆಲಸ ಕಡಿಮೆ, ಧೂಳು ಜಾಸ್ತಿ. ಹೋದ ವರ್ಷ ಭೈರುಂಬೆಯಿಂದ ಒಬ್ಬ ಮಾಸ್ತರರು ಹುಡುಕಿಕೊಂಡು ಬಂದರು. ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸಿ ನಿವೃತ್ತರಾದವರು. ಈ ಘಟ್ಟಗಳಲ್ಲಿ ಬಿದ್ದ ಹಳೆಯ ಬ್ರಿಟಿಷ್ ವಿಮಾನಗಳ ಮಾಹಿತಿ ಕೂಡಿಹಾಕುವ ಹುಚ್ಚು ಅವರಿಗೆ. ಗುಂಡು ತಾಗಿ ಬಿದ್ದವುಗಳಿಗಿಂತ ಮೋಡಕ್ಕೆ ಸಿಕ್ಕಿ, ಯಂತ್ರಕ್ಕೆ ನೀರು ಹೊಕ್ಕು ಬಿದ್ದವೇ ಇಲ್ಲಿ ಜಾಸ್ತಿಯಂತೆ. ಅಟ್ಟದಿಂದ ಇಳಿಸಿಕೊಟ್ಟ ಪಂಕವನ್ನು ಕಂಡದ್ದೇ ಚಪ್ಪಲಿ ಬಿಟ್ಟು ಕೈ ಮುಗಿದರು. ನನಗೆ ನಗು ಬಂತು, ತಡೆದುಕೊಂಡೆ.

"ಒಂದು ಅಲಗು ಇಡೀ ಉಳ್ದದೆ ನೋಡಿ ಆಚಾರ್ರೆ. ತಿರುಗ್ತಾ ಇದ್ರೆ ಎರಡೂ ಚೂರಾಗ್ತಿತ್ತು. ಬೀಳೋ ಮೊದ್ಲೇ ಯಂತ್ರ ನಿಂತಿತ್ತು. ಪಾಪ, ಅಂವ ಇಳಿಯೋಕೆ ಜಾಗ ಹುಡುಕ್ತಿದ್ದ."

ಆಮೇಲೆ ವಿಷಯ ಹೇಳಿದರು. ಆ ಮಳೆಗಾಲದಲ್ಲಿ ಒಂದೇ ದಿನ ಒಬ್ಬೊಬ್ಬನೇ ವಿಮಾನಿ ಕೂತು ಹಾರಿದ ಇಂಥ ಎರಡು ವಿಮಾನ ಮರಳಲಿಲ್ಲ. ಒಂದು ನಮ್ಮ ಕಾಡಿನಲ್ಲಿ ಬಿತ್ತು. ಇನ್ನೊಂದು ಸಮುದ್ರಕ್ಕೆ ಬಿದ್ದಿರಬೇಕು, ಸಿಗಲೇ ಇಲ್ಲ. ನಮ್ಮ ಕಾಡಿನಲ್ಲಿ ಸಿಕ್ಕ ದೇಹ ಸುಟ್ಟಿತ್ತು. ಆಗ ಬರೆದ ವರದಿ ಕಳೆದಿದೆ. ಹೀಗಾಗಿ ಅಜ್ಜ ಮಾಡಿದ ಪೆಟ್ಟಿಗೆಯನ್ನು ಹೂಳಿದ ಜಾಗದಲ್ಲಿ, ಹೆಸರು ತಿಳಿಯದ ವಿಮಾನಿ ಎಂದು ಬರೆದ ಕಲ್ಲು ನಿಂತಿದೆ. ಇಬ್ಬರಲ್ಲಿ ಒಬ್ಬನ ತಂಗಿ ಇಂಗ್ಲೆಂಡಿನಲ್ಲಿ ಇನ್ನೂ ಬದುಕಿದ್ದಾಳೆ. ತೊಂಬತ್ತಾರು ವರ್ಷ. ಅಲ್ಲಿರುವವನು ತನ್ನ ಅಣ್ಣನೇ ಎಂದು ತಿಳಿದು, ಕಲ್ಲಿನ ಮೇಲೆ ಅವನ ಹೆಸರು ಬರೆಸಿ ಸಾಯಬೇಕು ಎಂಬುದೊಂದೇ ಅವಳ ಆಸೆ. ಯಾರು ಹಾರಿಸಿದ ವಿಮಾನಕ್ಕೆ ಯಾವ ನಂಬರಿನ ಪಂಕ ಹಾಕಿದ್ದರು ಎಂಬ ಪುಸ್ತಕ ಮಾತ್ರ ಸಿಕ್ಕಿದೆ.

"ನಂಬರು ಗುಂಬದ ಪಕ್ಕಕ್ಕೆ ಹೊಡ್ದಿರ್ತಾರೆ" ಎಂದು ಮಾಸ್ತರರು ಬ್ಯಾಟರಿ ಹಿಡಿದು ಬಗ್ಗಿದರು.

ಹೆಸರು ಅದೆ ಎಂದು ಮುದುಕ ಅಜ್ಜ ಬಡಿದುಕೊಂಡಿದ್ದ. ಒಂದಕ್ಷರ ಬಾರದವನು ಸರಿಯಾಗಿ ಓದಿದ್ದ, ಓದು ಬಂದವನು ಕೀಸಿ ಎಸೆದಿದ್ದ.

ಮಾಸ್ತರರು ಆ ನುಣುಪಿನ ಮೇಲೆ ಬೆರಳು ಆಡಿಸಿ ತಲೆಯೆತ್ತಿದರು. "ಯಾರೋ ಕೀಸಿಬಿಟ್ಟಿದ್ದಾರಲ್ರೀ. ಯಾರು?"

"ಅಜ್ಜ ಇರ್ಬೇಕು" ಎಂದೆ.

ಯೋಚಿಸಿ ಹೇಳಿದ್ದಲ್ಲ. ಬಾಯಿಗೆ ಬಂದುಬಿಟ್ಟಿತು. ಬಂದದ್ದನ್ನು ವಾಪಸು ನುಂಗಲು ಬೇಕಾದಷ್ಟು ಹೊತ್ತು ಇತ್ತು. ಅವರು ಚಾ ಕುಡಿದರು, ಫೋಟೋ ತೆಗೆದರು, ಬಸ್ಸಿನ ಹೊತ್ತು ಕೇಳಿದರು. ನಾನು ನುಂಗಲಿಲ್ಲ. ಅಜ್ಜ ಸತ್ತು ಅಷ್ಟು ವರ್ಷವಾಗಿದೆ, ಅವನಿಗೇನು ನಷ್ಟ ಎಂದುಕೊಂಡೆ.

ತಿಂಗಳ ಮೇಲೆ ಮಾಸ್ತರರು ಫೋನು ಮಾಡಿ, ಸಂಕೋಚದಿಂದಲೇ, ಇಂಗ್ಲೆಂಡಿನಿಂದ ಬಂದ ಉತ್ತರ ಓದಿದರು. ಪಂಕ ಸಿಕ್ಕಿದ್ದು ಕೇಳಿ ಆ ತಂಗಿಗೆ ಸಂತೋಷವಾಗಿದೆ. ನಂಬರು ಹೋದದ್ದು ಕೇಳಿ ಅವಳು ಹೀಗೆ ಬರೆಸಿದ್ದಳು: ಆ ಬಡಗಿ ಮರವನ್ನು ಒಯ್ದದ್ದಕ್ಕೆ ನನ್ನ ತಕರಾರಿಲ್ಲ, ನನ್ನ ಅಣ್ಣನ ಹೆಸರನ್ನೇಕೆ ಕದ್ದ?

ನನಗೆ ಸಿಟ್ಟು ನೆತ್ತಿಗೇರಿತು. ಯಾರನ್ನು ಕಳ್ಳ ಎನ್ನುತ್ತಿದ್ದಾಳೆ ಈ ಮುದುಕಿ? ರಾತ್ರಿ ಹಗಲು ಕೂತು ಅವಳ ಅಣ್ಣನಿಗೋ ಇನ್ನೊಬ್ಬಳ ಅಣ್ಣನಿಗೋ ಪೆಟ್ಟಿಗೆ ಮಾಡಿಕೊಟ್ಟವನನ್ನೇ? ಫೋನು ಇಟ್ಟು ಶಾಲೆಯೊಳಗೆ ಶತಪಥ ತಿರುಗಿದೆ. ಹತ್ತು ನಿಮಿಷ ಬೇಕಾಯಿತು ನನಗೆ, ಅಜ್ಜನನ್ನು ಕಳ್ಳ ಮಾಡಿದ್ದು ಅವಳಲ್ಲ ಎಂಬುದು ತಲೆಗೆ ಹೋಗಲು.

ಮರುದಿನ ಬೆಳಿಗ್ಗೆ ಶಿರಸಿ ಬಸ್ಸು ಹತ್ತಿ ಭೈರುಂಬೆಯಲ್ಲಿ ಇಳಿದೆ. ಮಾಸ್ತರರ ಹೆಂಡತಿ, "ಬನ್ನಿ ಬನ್ನಿ, ಆಸರಿಗೆ ಎಂತ ಕೊಡ್ಲಿ? ಚಾ ಮಾಡ್ಲಾ?" ಎಂದು ಉಪಚಾರ ಮಾಡಿದರು. ನನಗೆ ಕೂರಲೂ ಮನಸ್ಸಿರಲಿಲ್ಲ. ನಿಂತುಕೊಂಡೇ ಹೇಳಿದೆ: "ಮಾಸ್ತರೆ, ಅಜ್ಜ ಅಲ್ಲ. ಕೀಸಿದ್ದು ನಾನು." ಮುದ್ರೆ, ಪಾಸು, ಗಾರ್ಡು ಎಲ್ಲ ಹೇಳಿದೆ.

ಅವರು ಬೈಯುತ್ತಾರೆಂದು ಕಾದೆ. ಅವರ ಮುಖ ಬೇರೆಯೇ ಆಯಿತು. ಎದ್ದು ನಿಂತರು. "ಹಂಗಾದ್ರೆ ನೀವು ಅದನ್ನ ಓದಿದ್ರಿ!"

"ಓದಿದ್ದೆ."

ಒಳಗೆ ಓಡಿ ಒಂದು ಕಾಗದ ತಂದರು. ಎರಡು ಸಾಲಿನಲ್ಲಿ ಎರಡು ನಂಬರು. ಎರಡೂ ಪಂಕ ಒಂದೇ ಕಾರ್ಖಾನೆಯವು, ಅಕ್ಷರಗಳೂ ಅವೇ, ಅಂಕಿಗಳೂ ಅವೇ. ಕೊನೆಯದು ಮಾತ್ರ ಬೇರೆ. ಒಂದಕ್ಕೆ ಮೂರು, ಇನ್ನೊಂದಕ್ಕೆ ಎಂಟು.

"ನೋಡಿ, ನೆನಪು ಮಾಡ್ಕಳಿ. ಎಂಟು ಅಂದ್ರೆ ಇವಳ ಅಣ್ಣ." ಹೇಳಿಬಿಟ್ಟು ನಾಲಿಗೆ ಕಚ್ಚಿಕೊಂಡರು. "ಛೆ, ಆನು ಹೇಳ್ಲಾಗಿತ್ತಿಲ್ಲೆ" ಎಂದು ಹೆಂಡತಿಯ ಕಡೆ ನೋಡಿ, ತಾನು ಹೇಳಬಾರದಿತ್ತೆಂದು ಮನೆಮಾತಿನಲ್ಲಿ ಗೊಣಗಿದರು. ಆಮೇಲೆ ನನಗೆ ಹೇಳಿದರು, ಕಣ್ಣಾರೆ ಓದಿದವನು ಬರೆದು ಸಹಿ ಹಾಕಿಕೊಟ್ಟರೆ ಕಲ್ಲಿನ ಉಸ್ತುವಾರಿಯವರು ಒಪ್ಪುವ ಸಂಭವ ಉಂಟಂತೆ. ಬೇರೆ ಸಾಕ್ಷಿ ಯಾವುದೂ ಉಳಿದಿಲ್ಲ.

ನಾನು ಕಾಗದವನ್ನೇ ನೋಡಿದೆ. ಕಣ್ಣು ಮುಚ್ಚಿದೆ. ಹೆರಕಲಿನ ಬಣ್ಣ ನೆನಪಿದೆ, ಕೀಸುಳಿಯ ಹಿಡಿ ನೆನಪಿದೆ, ಕೊನೆಯ ಅಂಕಿ ಗುಂಡಗಿತ್ತು ಎಂಬುದೂ ನೆನಪಿದೆ. ಮೂರೂ ಗುಂಡಗೇ, ಎಂಟೂ ಗುಂಡಗೇ. ಅರ್ಧ ಗಂಟೆ ಆ ಅಂಕಿಯ ಮೇಲೆ ಕಣ್ಣಿಟ್ಟು ಕೆಲಸ ಮಾಡಿದ್ದೇನೆ. ಅದನ್ನು ಅಳಿಸಬೇಕು ಎಂದು ನೋಡಿದ್ದೆನೇ ಹೊರತು ಓದಬೇಕು ಎಂದು ನೋಡಿರಲಿಲ್ಲ.

ಮಾಸ್ತರರು ಆತುರ ತಾಳದೆ ಅಷ್ಟರಲ್ಲಿ ವಿಡಿಯೋ ಕರೆ ಮಾಡಿಯೇ ಬಿಟ್ಟರು. ಅಲ್ಲಿ ಬೆಳಗಿನ ಹೊತ್ತು. ದಿಂಬಿಗೆ ಒರಗಿ ಕೂತ ಒಂದು ಪುಟ್ಟ ಮುಖ, ದಪ್ಪ ಕನ್ನಡಕ, ತಲೆಯಲ್ಲಿ ಹತ್ತಿಯಂಥ ಕೂದಲು. ಮಾಸ್ತರರು ನನ್ನನ್ನು ತೋರಿಸಿ ಇವನು ಓದಿದ್ದಾನೆ ಎಂದರು. ಅವಳು ಮುಂದಕ್ಕೆ ಬಾಗಿದಳು. ಪರದೆಯ ತುಂಬ ಬರಿಯ ಕಣ್ಣೇ ಆಯಿತು.

ಎಂಟು ಎಂದುಬಿಡಲೇ ಎಂದು ನನಗೆ ಅನ್ನಿಸಲಿಲ್ಲವೆಂದರೆ ಸುಳ್ಳು. ಒಂದು ಮಾತಿನ ಕೆಲಸ. ಆದರೆ ಮೂರು ಆಗಿದ್ದರೆ? ಸಮುದ್ರದಲ್ಲಿರುವವನ ಹೆಸರು ಕಲ್ಲಿನ ಮೇಲೆ ಬಂದು, ಕಲ್ಲಿನಡಿ ಇರುವವನು ಮತ್ತೊಮ್ಮೆ ಅಳಿಸಿಹೋಗುತ್ತಾನೆ. ಅವನಿಗೂ ಯಾರೋ ಇದ್ದರು. ಹುಡುಕುವವರು ಈಗ ಇಲ್ಲ, ಅಷ್ಟೇ. ಹೀಗೆಲ್ಲ ಲೆಕ್ಕ ಹಾಕಿದೆ ಎಂದು ಈಗ ಬರೆಯುತ್ತಿದ್ದೇನೆ. ನಿಜವಾಗಿ ಆಗ ನನ್ನ ಬಾಯಿಂದ ಬಂದ ಮೊದಲ ಮಾತು, "ನಮ್ಮ ಅಜ್ಜ ಕಳ್ಳ ಅಲ್ಲ ಅಂತ ಹೇಳಿ ಮಾಸ್ತರೆ."

ಆಮೇಲೆ ಉಳಿದದ್ದು ಹೇಳಿದೆ. ನಾನು ಕೀಸಿದೆ, ಹೆದರಿ ಕೀಸಿದೆ, ಅಜ್ಜನ ಮೇಲೆ ಸುಳ್ಳು ಹೇಳಿದೆ, ಅಂಕಿ ನನಗೆ ನೆನಪಿಲ್ಲ, ಕ್ಷಮಿಸಬೇಕು. ಮಾಸ್ತರರು ಒಂದೊಂದಾಗಿ ಇಂಗ್ಲಿಷಿನಲ್ಲಿ ಹೇಳಿದರು. ಅವಳು ಹಿಂದಕ್ಕೆ ಒರಗಿಕೊಂಡಳು. ನಂತರ ಸಣ್ಣ ದನಿಯಲ್ಲಿ ಏನೋ ಹೇಳಿದಳು. ಮಾಸ್ತರರು ಅದನ್ನು ಕನ್ನಡದಲ್ಲಿ ಹೇಳಲಿಲ್ಲ. ನನಗೆ ಅರ್ಧಂಬರ್ಧ ತಿಳಿದಿತ್ತು, ಆದರೂ ಕೇಳಿದೆ. ಬೇಡ ಬಿಡಿ ಎಂದರು. ಬಿಡಲಿಲ್ಲ, ಮತ್ತೆ ಕೇಳಿದೆ.

"ಎಂಟು ಅಂದ್ಬಿಟ್ಟಿದ್ರೆ ಆಗ್ತಿತ್ತಲ್ಲ, ಅಂತಾರೆ. ನಾನು ನಂಬ್ತಿದ್ದೆ, ಅಂತಾರೆ."

ಕರೆ ಮುಗಿಯಿತು. ಮಾಸ್ತರರ ಹೆಂಡತಿ ಬಡಿಸಿದ ಊಟ ಮಾಡಿ, ಎರಡು ಗಂಟೆಯ ಬಸ್ಸು ಹಿಡಿದೆ. ಬಸ್ಸಿನಲ್ಲಿ ಎದೆ ಹಗುರಾಗಿತ್ತು. ಅಜ್ಜನ ಹೆಸರು ಸರಿಯಾಯಿತು, ನಿಜ ಹೇಳಿ ಮುಗಿಸಿದೆ ಎಂಬ ಸಮಾಧಾನ. ಅದೇ ನನಗೆ ಇವತ್ತು ನಾಚಿಕೆ. ಹಗುರಾದದ್ದು ನಾನು, ಆ ಭಾರ ಹೋಗಿ ಕೂತದ್ದು ಅವಳ ಮೇಲೆ. ನಾನು ಹೋಗದೆ ಇದ್ದಿದ್ದರೆ ನಂಬರು ಹೋಯಿತೆಂದು ಒಬ್ಬ ಸತ್ತ ಬಡಗಿಯನ್ನು ಬೈದುಕೊಂಡು ಇರುತ್ತಿದ್ದಳು. ಈಗ ಅವಳಿಗೆ ಗೊತ್ತಾಗಿದೆ, ಅದನ್ನು ಓದಿದ ಕಣ್ಣು ಇನ್ನೂ ಬದುಕಿದೆ, ಆದರೆ ಅದರಲ್ಲಿ ಏನೂ ಉಳಿದಿಲ್ಲ ಎಂದು.

ಅದಾದ ಮೇಲೆ ಅವಳು ಮಾಸ್ತರರಿಗೆ ಬರೆದಿಲ್ಲ.